ಬ್ರೇಕ್ ಅತ್ತೆಯ ತಟ್ಟೆ ಪರೀಕ್ಷೆ

ಬ್ರೇಕ್ ಅತ್ತೆಯ ಬಲಗಾಲಿನ ಮಹಿಮೆ ಸಾಮಾನ್ಯದ್ದಲ್ಲ. ಆ ಕಾಲು ನೆಲಕ್ಕೆ ಒತ್ತಿತೆಂದರೆ ಉಕ್ಕುವ ಹಾಲು ಪಾತ್ರೆಯ ಅಂಚಿನಲ್ಲೇ ನಿಲ್ಲುತ್ತದೆ, ರಚ್ಚೆ ಹಿಡಿದ ಮಗು ಬಾಯಿ ಮುಚ್ಚುತ್ತದೆ, ಸುಳ್ಳು ಹೇಳಲು ಹೊರಟ ಗಂಡ ಅರ್ಧ ಮಾತಿಗೇ ತೊದಲುತ್ತಾನೆ. ಒಮ್ಮೆ ಸಿನಿಮಾದಲ್ಲಿ ನಾಯಕನ ಕಾರು ಪ್ರಪಾತದ ಕಡೆ ನುಗ್ಗಿದಾಗ ಅತ್ತೆ ಕಾಲೊತ್ತಿದ್ದೇ ತಡ, ಥಿಯೇಟರಿನ ಕರೆಂಟೇ ಹೋಯಿತಂತೆ!

ಅತ್ತೆಯ ಉದ್ಯೋಗ ಜನರಿಗೆ ಕಾರು ಓಡಿಸಲು ಕಲಿಸುವುದು. ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕು ಇರುತ್ತದಲ್ಲ, ವರ್ಷಗಟ್ಟಲೆ ಅದನ್ನು ಒತ್ತಿ ಒತ್ತಿ ಕಾಲಿಗೆ ಚಟ ಹತ್ತಿಬಿಟ್ಟಿದೆ. ಸೋಫಾದಲ್ಲಿ ಕೂತರೂ ಅದು ಇಲ್ಲದ ಬ್ರೇಕನ್ನು ಹುಡುಕಿ ಒತ್ತುತ್ತದೆ.

ಇಂಥ ಕಾಲಿಗೂ ಹೋದ ವರ್ಷ ಸೋಲಾಗಿತ್ತು. ದೊಡ್ಡ ರಜೆ ಬಂದಾಗ ಇಡೀ ಬಳಗ ಅತ್ತೆಯ ತಾಯಿಯ ಮನೆಯ ತಾರಸಿಯಲ್ಲಿ ಸೇರುವುದು ರೂಢಿ. ಅಷ್ಟು ಜನ ಹಿಡಿಸುವ ಮನೆ ಬಳಗದಲ್ಲಿ ಇನ್ನೊಂದಿಲ್ಲ. ಹೋದ ಸಲ ಅತ್ತೆಯ ಅಣ್ಣ ತಂದಿದ್ದ ಥರ್ಮಾಕೋಲ್ ತಟ್ಟೆಗಳು ಗಾಳಿಗೆ ಹಾರಿ, ಅತ್ತೆ ಎಷ್ಟು ಕಾಲೊತ್ತಿದರೂ ನಿಲ್ಲದೆ ಇಳಿಜಾರಿನ ಅಂಗಳ ದಾಟಿ, ಗೇಟಿನ ಬಳಿಯ ಚರಂಡಿಗೆ ಬಿದ್ದು ಗಟ್ಟಿಯಾಗಿ ಸಿಕ್ಕಿಕೊಂಡವು. ಹೊರಹೋಗಲಾರದ ಕೊಳಚೆ ನೀರು ಬಚ್ಚಲಲ್ಲಿ ಉಕ್ಕಿ ನೇರ ಅತ್ತೆಯ ಅಮ್ಮನ ಕೋಣೆಗೆ ಬಂತು. ಅಮ್ಮ ಮಂಚದ ಮೇಲೆ ಕಾಲೆತ್ತಿ ಕೂತು ತೀರ್ಪು ಕೊಟ್ಟರು.

"ಮುಂದಿನ ಸಲ ಒಂದೇ ಒಂದು ತಟ್ಟೆ ನನ್ನ ಚರಂಡಿಗೆ ಬೀಳ್ಲಿ ನೋಡೋಣ. ಆಮೇಲೆ ಈ ಮನೇಲಿ ಕೂಟಾನೂ ಇಲ್ಲ, ಗೀಟಾನೂ ಇಲ್ಲ. ನಿಮ್ಮ ನಿಮ್ಮ ಮನೇಲೇ ಉಂಡ್ಕೊಳಿ."

ಈ ವರ್ಷ ರಜೆ ಹತ್ತಿರವಾದಂತೆ ಬಳಗ ತಟ್ಟೆಯ ಚರ್ಚೆಗೆ ಕೂತಿತು.

"ಸ್ಟೀಲ್ ತಟ್ಟೆ ಇಟ್ಬಿಡೋಣ," ಎಂದ ಅಣ್ಣ.

"ತೊಳೆಯೋಕೆ ನೀನು ಬರ್ತೀಯಾ ಅಣ್ಣಾ?" ಎಂದು ಕೇಳಿದರು ಅತ್ತೆ.

ಅಣ್ಣ ಫೋನು ನೋಡತೊಡಗಿದ.

"ತಟ್ಟೆ ವಿಷಯ ನನಗೆ ಬಿಡಿ," ಎಂದರು ಅತ್ತೆ. "ಗಾಳಿಗೆ ಹಾರಬಾರದು, ಬಿಸಿಗೆ ಬಾಗಬಾರದು, ಕೊನೆಗೆ ಗುಂಡಿಗೆ ಹಾಕಿದ್ರೆ ಕೊಳೆತು ಗೊಬ್ಬರ ಆಗಬೇಕು. ಅಂಥದ್ದನ್ನ ತರ್ತೀನಿ."

ಬೇರೆಯವರಾಗಿದ್ದರೆ ತಟ್ಟೆಗಳನ್ನು ಮೇಜಿನ ಮೇಲಿಟ್ಟು ಪರೀಕ್ಷಿಸುತ್ತಿದ್ದರು. ಈ ಬಳಗ ನಿಂತುಕೊಂಡು, ಕೈ ಬೀಸಿಕೊಂಡು, ಜಗಳವಾಡಿಕೊಂಡು ಉಣ್ಣುವಂಥದ್ದು. ಹಾಗಾಗಿ ಅತ್ತೆ ಪರೀಕ್ಷೆಗೆ ಆರಿಸಿದ್ದು ತಮ್ಮ ಕಲಿಕೆಯ ಕಾರನ್ನೇ. ಸ್ಟೀರಿಂಗ್ ಹಿಡಿದವನು ಕಲಿಯಲು ಬಂದ ಒಬ್ಬ ಬ್ಯಾಂಕ್ ಗುಮಾಸ್ತ. ಅವನು ಕ್ಲಚ್ ಬಿಟ್ಟರೆ ಕಾರು ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ಹಿಂದಿನ ಸೀಟಿನಲ್ಲಿ ಅಣ್ಣ ಮತ್ತು ಅತ್ತೆಯ ಗಂಡ, ಇಬ್ಬರ ತೊಡೆಯ ಮೇಲೂ ಬಿಸಿನೀರು ತುಂಬಿದ ತಟ್ಟೆ.

"ಹೊರಡಿ ಸಾರ್! ಯುದ್ಧಕ್ಕೆ ಹೊರಟ ಹಾಗೆ ಹೊರಡಿ!"

ಕಾಗದದ ತಟ್ಟೆ ಮೊದಲ ಗೇರಿಗೇ ಪ್ರಾಣ ಬಿಟ್ಟಿತು. ಕಡ್ಡಿ ಚುಚ್ಚಿ ಹೊಲಿದ ಎಲೆಯ ತಟ್ಟೆ ಧೀರವಾಗಿ ಹೋರಾಡಿ ವೇಗತಡೆಯ ಉಬ್ಬಿನ ಮೇಲೆ ಸೋರಿತು. ಉಂಡ ಮೇಲೆ ತಿನ್ನಲೂಬಹುದಾದ ತೌಡಿನ ತಟ್ಟೆಯ ಫಲಿತಾಂಶ ಕೊನೆಗೂ ತಿಳಿಯಲಿಲ್ಲ.

"ರೀ, ತಟ್ಟೆ ಎಲ್ಲಿ?"

"ಒಂಚೂರು ರುಚಿ ನೋಡ್ದೆ ಕಣೇ," ಎಂದರು ಗಂಡ, ಬಾಯಿ ಒರೆಸಿಕೊಳ್ಳುತ್ತ.

ಕೊನೆಗೆ ಬಂದದ್ದು ಕಬ್ಬಿನ ಸಿಪ್ಪೆಯ ತಟ್ಟೆ. ಗುಮಾಸ್ತ ತಿರುವಿನಲ್ಲಿ ಇಂಜಿನ್ ಆಫ್ ಮಾಡಿದ, ಹಿಮ್ಮುಖ ಗೇರು ಹಾಕಿ ಕಿರುಚಿದ. ತಟ್ಟೆ ಜಪ್ಪಯ್ಯ ಅಂದರೂ ಬಾಗಲಿಲ್ಲ! ಅತ್ತೆ ಸೀಟಿನಲ್ಲೇ ಕುಣಿದರು. ಕಾರು ನಿಂತಾಗ ಅಣ್ಣ ನೀರು ಚೆಲ್ಲಿ ತಟ್ಟೆ ಕೊಡವಲು ಹೋದ, ಅದು ಕೈಜಾರಿತು. ದುಂಡನೆಯ ತಟ್ಟೆ ಅಂಚಿನ ಮೇಲೆ ಎದ್ದು ನಿಂತು, ಚಕ್ರದಂತೆ ಉರುಳುತ್ತ ಹೋಗಿ ರಸ್ತೆಯಾಚೆಯ ಚರಂಡಿಗೆ ಧುಮುಕಿತು.

ಅತ್ತೆ ಇಳಿದು ಹೋಗಿ ಅದನ್ನು ಎತ್ತಿಕೊಂಡರು, ನೇರ ಅಂಗಡಿಗೆ ಹೋದರು, ಅದೇ ಸಿಪ್ಪೆಯ ಚೌಕ ತಟ್ಟೆಗಳನ್ನು ಕಟ್ಟಿಸಿಕೊಂಡು ಬಂದರು.

"ಇದೇನು ತಟ್ಟೇನಾ, ನೆಲಕ್ಕೆ ಹಾಸೋ ಟೈಲ್ಸಾ?" ಎಂದು ಅಣ್ಣ ರಜೆಯ ದಿನದವರೆಗೂ ನಕ್ಕ.

ಆ ದಿನ ತಾರಸಿ ತುಂಬಿ ತುಳುಕಿತು. ಜನ ಉಂಡರು, ಕೂಗಾಡಿದರು, ತಟ್ಟೆ ಹಿಡಿದೇ ಕುಣಿದರು. ಒಂದೂ ಬಾಗಲಿಲ್ಲ, ಒಂದೂ ಹಾರಲಿಲ್ಲ. ಅಮ್ಮ ಮಾತ್ರ ಕೆಳಗೆ ಚರಂಡಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕಾವಲು ಕೂತಿದ್ದರು.

ಊಟ ಮುಗಿಯುವ ಹೊತ್ತಿಗೆ, ಹಳೆಯ ಜಗಳವೊಂದನ್ನು ಅಭಿನಯಿಸಿ ತೋರಿಸುತ್ತಿದ್ದ ಅಣ್ಣನ ಕೈಯಿಂದ ಖಾಲಿ ತಟ್ಟೆ ಚಿಮ್ಮಿತು. ತಾರಸಿಯ ಗೋಡೆ ದಾಟಿತು. ಅಂಗಳಕ್ಕೆ ಅಂಚಿನ ಮೇಲೇ ಬಿದ್ದು ಪುಟಿಯಿತು, ಇಳಿಜಾರಿನಲ್ಲಿ ಚರಂಡಿಯತ್ತ ಮತ್ತೆ ಪುಟಿಯಿತು. ಬಳಗವೆಲ್ಲ ಗೋಡೆಗೆ ಬಂದು ಕೆಳಗೆ ಬಗ್ಗಿ ನೋಡಿತು. ಗುಂಪಿನ ನಡುವೆ ಅತ್ತೆ ಬಲಗಾಲೆತ್ತಿ, ಅಂಗಳಕ್ಕೂ ಕೇಳುವಂತೆ ನೆಲಕ್ಕೆ ಧಡ್ಡೆಂದು ಕುಟ್ಟಿದರು!

ತಟ್ಟೆ ಚರಂಡಿಗಿಂತ ಗೇಣಿನಷ್ಟು ಈಚೆ ಪಟ್ಟೆಂದು ಮಗುಚಿ ಬಿದ್ದು ನಿಂತಿತು.

ತಾರಸಿ ಕಿತ್ತುಹೋಗುವಂತೆ ಚಪ್ಪಾಳೆ, ಶಿಳ್ಳೆ. ಅಣ್ಣ ತಂಗಿಯ ಕಾಲಿಗೆ ಬೀಳಲು ಬಗ್ಗಿಯೇಬಿಟ್ಟ. ಕೆಳಗಿನಿಂದ ಅಮ್ಮ ತಟ್ಟೆ ಎತ್ತಿ ತೋರಿಸುತ್ತ ಕೂಗಿದರು, "ಮುಂದಿನ ವರ್ಷಾನೂ ಇಲ್ಲೇ ಬಂದು ಸಾಯಿರಿ! ಏನೇ ಅದು ನಿನ್ನ ಕಾಲು, ಮಹಡಿ ಮೇಲಿಂದ ಹೇಗೆ ನಿಲ್ಲಿಸ್ದೆ?"

"ಚೌಕ ತಟ್ಟೆ ಅಮ್ಮಾ, ಉರುಳಲ್ಲ," ಎಂದರು ಅತ್ತೆ, ಬಲಗಾಲು ನೀವಿಕೊಳ್ಳುತ್ತ. "ಕಾಲಿಗೆ ಜೋಮು ಹಿಡಿದಿತ್ತು, ಅದಕ್ಕೆ ಕುಟ್ಟಿದೆ."