ಹಿಂದಕ್ಕೆ ಹೋಗದ ಗಾಡಿ

ಕೆಂಗೇರಿಯ ಕಲ್ಯಾಣ ಮಂಟಪವೊಂದರ ಬಾಗಿಲಲ್ಲಿ ಮೊನ್ನೆ ಒಂದು ವಾಸನೆ ಬಂತು. ಚೆಂಡುಹೂವಿನ ಹಸಿ ಘಾಟು, ಅದರ ಜೊತೆಗೆ ಸುಟ್ಟ ಆಯಿಲ್. ಅಡುಗೆಯವರ ಹಳೇ ಟೆಂಪೊ ಏದುಸಿರು ಬಿಡುತ್ತಾ ಒಳಗೆ ಹೋಗಿತ್ತು, ಅದರದ್ದೇ ಇರಬೇಕು. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರು. ನನಗೆ ನಮ್ಮ ಓನರ್ ನೆನಪಾದರು...

ಓನರ್ ಎಂದರೆ ಮನೆ ಓನರ್. ಬಸವೇಶ್ವರನಗರದಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ನೀರಿನ ಮೋಟರ್ ಹಾಕುವ ವಿಚಾರದಲ್ಲಿ ಮಹಾ ಜಿಪುಣ. ಹೆಗ್ಗನಹಳ್ಳಿಯಲ್ಲಿ ಗಾರ್ಮೆಂಟ್ಸ್ ನಡೆಸಿ ಚೆನ್ನಾಗಿ ಸಂಪಾದಿಸುತ್ತಿದ್ದ ಕಾಲದಲ್ಲಿ ಒಂದು ದೊಡ್ಡ ವಿದೇಶಿ ಎಸ್‌ಯುವಿ ಕೊಂಡಿದ್ದರಂತೆ. ನಾನು ಹೋಗುವ ಹೊತ್ತಿಗೆ ಗಾರ್ಮೆಂಟ್ಸ್ ಮುಚ್ಚಿತ್ತು, ಗಾಡಿಗೂ ವಯಸ್ಸಾಗಿತ್ತು. ಆದರೂ ಬೆಳಿಗ್ಗೆ ಎದ್ದು ತಾವೇ ಒರೆಸುತ್ತಿದ್ದರು. ಅದನ್ನು ಒರೆಸುವ ಬಟ್ಟೆಯನ್ನು ಅವರ ಹೆಂಡತಿ, ಅಂದರೆ ನಮ್ಮ ಓನರ್ ಆಂಟಿ ಕೂಡ ಮುಟ್ಟುವಂತಿರಲಿಲ್ಲ.

ಮೊದಮೊದಲು ಗೇರ್ ಬದಲಾಗುವಾಗ ಗಾಡಿ ಜಗ್ಗುತ್ತಿತ್ತು, ಅಷ್ಟೆ. ಆಮೇಲೆ ಒಂದು ದಿನ ರಿವರ್ಸ್ ಪೂರ್ತಿ ಹೋಯಿತು. ಲಿವರ್ ಹಾಕಿದರೆ ಇಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ನಿಂತಲ್ಲೇ ನಿಂತಿರುತ್ತಿತ್ತು. ಶೋರೂಮಿನವರು ಇಡೀ ಗೇರ್‌ಬಾಕ್ಸ್ ಬದಲಾಯಿಸಬೇಕು ಎಂದರು. ಸುಂಕದಕಟ್ಟೆಯ ಮೆಕ್ಯಾನಿಕ್ ಗಾಡಿಯ ಕೆಳಗೆ ಮಲಗಿ, ಎದ್ದು, ಕೈ ಒರೆಸಿಕೊಂಡು ಹೇಳಿದ. "ಸಾರ್, ಇದನ್ನ ಬಿಚ್ಚಿಸಿದ್ರೆ ಮನೇಲಿರೋ ಮದ್ವೆಗಿದ್ವೆ ಎಲ್ಲಾ ಮುಂದಕ್ ಹಾಕ್ಬೇಕಾಗುತ್ತೆ." ಅವನು ತಮಾಷೆಗೆ ಹೇಳಿದ್ದು. ಓನರ್ ಮಗಳ ಮದುವೆ ನಿಜಕ್ಕೂ ನಿಶ್ಚಯವಾಗಿತ್ತು ಎಂಬುದು ಅವನಿಗೆ ತಿಳಿದಿರಲಿಲ್ಲ.

ಬೀಗರು ದಾವಣಗೆರೆ ಕಡೆಯ ಬಟ್ಟೆ ವ್ಯಾಪಾರಿಗಳು, ವಿಜಯನಗರದಲ್ಲಿ ಮನೆ. ಹೆಣ್ಣು ನೋಡಲು ಬಂದ ದಿನವೇ ಗಾಡಿ ನೋಡಿ ಮೆಚ್ಚಿದ್ದರು. ಇವರೂ ಹುರುಪಿನಲ್ಲಿ, ಮದುಮಕ್ಕಳು ಮಂಟಪದಿಂದ ಗಂಡಿನ ಮನೆಗೆ ನನ್ನ ಗಾಡಿಯಲ್ಲೇ ಬರುತ್ತಾರೆ, ನಾನೇ ಓಡಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟಿದ್ದರು. ಗಾರ್ಮೆಂಟ್ಸ್ ಮುಚ್ಚಿದ ವಿಷಯ ಮಾತ್ರ ಅವರಿಗೆ ಹೇಳಿರಲಿಲ್ಲ. ಈಗ ಗಾಡಿ ಯಾಕೆ ಬರಲಿಲ್ಲ ಎಂದು ಕೇಳಿದರೆ ಒಂದೊಂದಾಗಿ ಎಲ್ಲ ಹೊರಗೆ ಬರುತ್ತದೆ, ಸಂಬಂಧ ಮುರಿಯುತ್ತದೆ ಎಂದು ಓನರ್‌ಗೆ ಭಯ. ಹುಡುಗಿಗೆ ಆ ಹುಡುಗನ ಮೇಲೆ ತುಂಬಾ ಮನಸ್ಸಿತ್ತು. ಗಾಡಿ ಕೆಟ್ಟರೆ ಯಾರಾದರೂ ಮದುವೆ ನಿಲ್ಲಿಸುತ್ತಾರೆಯೇ ಎಂದು ನನಗೆ ಅನಿಸುತ್ತಿತ್ತು. ಅವರ ಮುಖ ನೋಡಿದ ಮೇಲೆ ವಾದ ಮಾಡಲು ಬಾಯಿ ಬರಲಿಲ್ಲ.

ಇದನ್ನು ಮಾರಿ ಬೇರೆ ಗಾಡಿ ಕೊಳ್ಳಲು ನೋಡಿದರು. ಬಂದವರೆಲ್ಲ ಕೂತು, ಲಿವರ್ ಎಳೆದು, ಕಾಫಿ ಕುಡಿದು ಹೋದರು. ಕೊನೆಗೆ ರಿವರ್ಸ್ ಇಲ್ಲದೆಯೇ ಬದುಕುವುದನ್ನು ಕಲಿತರು. ಅವರ ಪೋರ್ಟಿಕೊ ರಸ್ತೆಗೆ ಇಳಿಜಾರು. ಮೂತಿ ಒಳಗೆ ಮಾಡಿ ನಿಲ್ಲಿಸಿದರೆ ನ್ಯೂಟ್ರಲ್‌ನಲ್ಲಿ ಗಾಡಿ ತಾನಾಗಿ ಹಿಂದಕ್ಕೆ ಉರುಳುತ್ತಿತ್ತು. ಸಮತಟ್ಟು ಜಾಗದಲ್ಲಿ ಸಿಕ್ಕಿಕೊಂಡರೆ ನನಗೆ ಫೋನು. ಮುಂದೆ ನಿಂತು ಬಾನೆಟ್ಟಿಗೆ ಕೈಕೊಟ್ಟು ಹಿಂದಕ್ಕೆ ತಳ್ಳುವ ಈ ಕೆಲಸ ಬಾಡಿಗೆ ಅಗ್ರಿಮೆಂಟಿನಲ್ಲಿ ಇರಲಿಲ್ಲ. ತಳ್ಳಿದ ದಿನ ನೀರು ಮಾತ್ರ ಧಾರಾಳವಾಗಿ ಬರುತ್ತಿತ್ತು!

ತಿರುಗಿಸಲು ಜಾಗವಿಲ್ಲದ ಕಡೆ ಅವರು ಹೋಗುವುದನ್ನೇ ಬಿಟ್ಟರು. ಹೇರೋಹಳ್ಳಿಯ ತಂಗಿ ಮನೆ ಗಲ್ಲಿಯೊಳಗೆ, ಅದು ಬಿಟ್ಟುಹೋಯಿತು. ಬೇಸ್‌ಮೆಂಟ್ ಇರುವ ಅಂಗಡಿ ಬಿಟ್ಟರು. ಲಗ್ನಪತ್ರಿಕೆ ಹಂಚಲು ಹೋದಾಗ ಮುಖ್ಯರಸ್ತೆಯಲ್ಲೇ ಗಾಡಿ ನಿಲ್ಲಿಸಿ, ಬಿಸಿಲಲ್ಲಿ ನಡೆದು ಹೋಗಿ ಬರುತ್ತಿದ್ದರು. ಅವರ ಬೆಂಗಳೂರು ದಿನದಿಂದ ದಿನಕ್ಕೆ ಚಿಕ್ಕದಾಗುತ್ತಾ ಬಂತು. ಒಂದು ಸಂಜೆ ಪೋರ್ಟಿಕೊದಲ್ಲೇ ಗಾಜು ಏರಿಸಿಕೊಂಡು ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿದ್ದರು. ನಾನು ಗಾಜು ತಟ್ಟಿದೆ.

"ಮಾರಕ್ಕಾಗಲ್ಲ, ರಿಪೇರಿ ಮಾಡ್ಸಕ್ಕಾಗಲ್ಲ, ಇಳಿದು ಹೋಗಕ್ಕೂ ಆಗ್ತಿಲ್ಲ ಕಣಪ್ಪ," ಎಂದರು. ನನಗೆ ಬಹಳ ಸಂಕಟವಾಯಿತು.

ಮದುವೆಯ ಬೆಳಿಗ್ಗೆ ಗಾಡಿಯನ್ನು ಮಂಟಪದ ಮುಂದೆ ಮೂತಿ ರಸ್ತೆಗೆ ಬರುವಂತೆ ನಿಲ್ಲಿಸಿ, ಚೆಂಡುಹೂವು ಕಟ್ಟಿಸಿದರು. ಧಾರೆ ಮುಗಿಯಿತು, ಊಟವಾಯಿತು. ಮದುಮಕ್ಕಳು ಹಿಂದೆ ಕೂತರು, ಜೊತೆಗೆ ಹುಡುಗನ ಅಜ್ಜಿ. ಧೈರ್ಯಕ್ಕೆಂದು ನನ್ನನ್ನು ಮುಂದೆ ಕೂರಿಸಿಕೊಂಡರು. ಇಂಜಿನ್ ಶುರುವಾಗುವ ಹೊತ್ತಿಗೆ ಅಡುಗೆಯವರ ಟೆಂಪೊ ಬಂದು ನಮ್ಮ ಮೂತಿಗೇ ಅಡ್ಡ ನಿಂತಿತು. ಡ್ರೈವರ್ ನಾಪತ್ತೆ.

ಹುಡುಗನ ಚಿಕ್ಕಪ್ಪ ಕಿಟಕಿಗೆ ಬಗ್ಗಿದರು. "ಬೀಗ್ರ, ಸ್ವಲ್ಪ ರಿವರ್ಸ್ ತಗೊಂಡ್ರ ಸಾಕ್ರಿ, ಪಕ್ಕದಾಗ ಹಾದು ಹೋಗ್ಬೋದು."

ಓನರ್ ಕೈ ಲಿವರ್ ಮೇಲೆ ಹೋಯಿತು. ಅಲ್ಲೇ ನಿಂತಿತು. ಕಿವಿಯ ಪಕ್ಕ ಬೆವರು ಇಳಿಯುತ್ತಿತ್ತು. ಹೊರಗೆ ಎರಡೂ ಕಡೆಯ ನೆಂಟರು ನೋಡುತ್ತಾ ನಿಂತಿದ್ದರು. ಇನ್ನು ಮುಗಿಯಿತು ಎಂದುಕೊಂಡೆ...

"ಮದುವೆ ಗಾಡಿ ಹಿಂದಕ್ಕೆ ಹೋಗ್ಬಾರ್ದು," ಎಂದರು ಓನರ್, ಬಹಳ ಗಂಭೀರವಾಗಿ. "ನಮ್ಮಲ್ಲಿ ಹಾಗೊಂದು ಶಾಸ್ತ್ರ ಇದೆ."

ಹಾಗೊಂದು ಶಾಸ್ತ್ರ ಎಲ್ಲೂ ಇರಲಿಲ್ಲ. ಹಿಂದಿನಿಂದ ಅಜ್ಜಿಯ ಧ್ವನಿ ಬಂತು. "ಹೌದ್ ಮತ್ತ. ನಮ್ಮ ಕಡೀನೂ ಹಂಗ ಐತಿ. ಈಗಿನವರಿಗೆ ಏನ್ ಗೊತ್ತೈತಿ?"

ಆಮೇಲೆ ಮಾತೇ ಇಲ್ಲ. ಹತ್ತಾರು ಜನ ಸೇರಿ, ಸಾಂಬಾರಿನ ಹಂಡೆಗಳ ಸಮೇತ ಆ ಟೆಂಪೊವನ್ನು ಪಕ್ಕಕ್ಕೆ ನೂಕಿದರು. ಗಾಡಿ ಮುಂದಕ್ಕೆ ಹೊರಟಿತು. ವಿಜಯನಗರದ ಏರಿನಲ್ಲಿ ಸುಟ್ಟ ವಾಸನೆ ಬರತೊಡಗಿದಾಗ, ಹೊರಗಿನಿಂದ ಬರ್ತಿದೆ ಎಂದು ಹೇಳಿ ಗಾಜು ಏರಿಸಿದರು. ಗಂಡಿನ ಮನೆ ಮುಟ್ಟಿತು, ಹುಡುಗಿ ಸೇರು ಒದ್ದು ಒಳಗೆ ಹೋದಳು. ಓನರ್ ಮಾತ್ರ ಇಳಿಯಲು ಬಹಳ ಹೊತ್ತು ತೆಗೆದುಕೊಂಡರು.

ಗಾಡಿ ಮತ್ತೆ ಚೇತರಿಸಿಕೊಳ್ಳಲಿಲ್ಲ. ಹೆಚ್ಚು ದಿನ ಹೋಗದೆ ಗುಜರಿಯವರು ಎಳೆದುಕೊಂಡು ಹೋದರು. ಓನರ್ ಬಸ್ಸಿನಲ್ಲಿ ಓಡಾಡತೊಡಗಿದರು, ಹೇರೋಹಳ್ಳಿಯ ತಂಗಿ ಮನೆಗೂ ಹೋಗಿಬಂದರು. ಗಾರ್ಮೆಂಟ್ಸ್ ಸುದ್ದಿ ಬೀಗರಿಗೆ ತಿಳಿದಾಗ ಅವರು ಒಂದು ಮಾತೂ ಆಡಲಿಲ್ಲವಂತೆ. ಅಷ್ಟು ಹೆದರಿದ್ದೆಲ್ಲ ದಂಡ. ನಾನು ಕೆಂಗೇರಿಗೆ ಮನೆ ಬದಲಾಯಿಸಿದೆ. ಆಮೇಲೊಂದು ದಿನ ಆಂಟಿಯ ಫೋನು ಬಂತು, ಓನರ್ ಹೋಗಿಬಿಟ್ಟರು...

ಮೊನ್ನೆಯ ಮದುವೆ ಅವರ ಮಗಳ ಮೈದುನನದು. ನನ್ನನ್ನು ಮರೆಯದೆ ಕರೆದಿದ್ದಳು. ಊಟ ಮುಗಿಸಿ ಹೊರಗೆ ಬಂದರೆ ಮದುಮಕ್ಕಳ ಹೊಸ ಕಾರಿನ ಮುಂದೆ ನೀರಿನ ಟ್ಯಾಂಕರ್ ನಿಂತಿತ್ತು. ಡ್ರೈವರ್ ರಿವರ್ಸ್ ಹಾಕಿದ, ಕಾರು ಕುಯ್ಯೆಂದಿತು. ಓನರ್ ಮಗಳು ಸೀರೆ ಎತ್ತಿಕೊಂಡು ಓಡಿಬಂದು ಬಾನೆಟ್ ತಟ್ಟಿದಳು.

"ಹಿಂದಕ್ ತಗೋಬೇಡಿ ಅಣ್ಣ. ನಮ್ಮಪ್ಪ ಇದ್ದಿದ್ರೆ ಬಿಡ್ತಾನೇ ಇರ್ಲಿಲ್ಲ."

ಹಿರಿಯರು ತಲೆಯಾಡಿಸಿದರು. ಕಾರು ನಿಂತಿತು, ಟ್ಯಾಂಕರಿನವನನ್ನು ಹುಡುಕಲು ಜನ ಹೋದರು. ನಾನು ಆಂಟಿಯ ಕಡೆ ನೋಡಿದೆ. ಆ ಶಾಸ್ತ್ರ ಹುಟ್ಟಿದ ಕಥೆ ಅವರಿಗೆ ಎಲ್ಲ ಗೊತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು, ನನಗೆ ಮಾತ್ರ ಕೇಳುವಂತೆ, "ಹೇಳ್ಬೇಡಪ್ಪ, ಇರ್ಲಿ," ಎಂದರು.

ನಾನು ಹೋಗಿ ಕಾರಿನ ಮುಂದೆ ನಿಂತೆ, ಯಾಕೆಂದು ತಿಳಿಯದೆ, ಆಗೆಲ್ಲ ತಳ್ಳುತ್ತಿದ್ದ ಹಾಗೆ ಬಾನೆಟ್ ಮೇಲೆ ಎರಡೂ ಕೈ ಇಟ್ಟೆ. ಗಾಜಿನ ಆಚೆ ಯಾರೋ ಅಪರಿಚಿತ ಡ್ರೈವರ್ ನನ್ನನ್ನೇ ನೋಡುತ್ತಿದ್ದ.