ಅಣಶಿ ಘಟ್ಟದಲ್ಲಿ ಎಡಗಾಲು

ಅಣ್ಣನ ಜೀಪಿನಲ್ಲಿ ನಾವು ಮೂವರು, ಅಣ್ಣ, ಅವನ ಗೆಳೆಯ, ಅವನ ತಂಗಿ ನಾನು, ಭಾನುವಾರಗಳಂದು ತಿರುಗುತ್ತಿದ್ದ ಕಾಲದಲ್ಲಿ ಒಂದು ಆಟ ಆಡುತ್ತಿದ್ದೆವು. ಒಬ್ಬರು ಓಡಿಸಬೇಕು, ಉಳಿದಿಬ್ಬರು ಕಣ್ಣು ಮುಚ್ಚಿ ಕುಳಿತು ಗಾಡಿ ಯಾವ ಗೇರಿನಲ್ಲಿದೆ ಎಂದು ಹೇಳಬೇಕು. ಹಳಿಯಾಳ ಬಿಟ್ಟು ದಾಂಡೇಲಿ ಮುಟ್ಟುವವರೆಗೆ ಆಟ ಸುಲಭ. ಜೋಯಿಡಾದ ಕಡೆಯ ಏರುಗಳಲ್ಲಿ ಅಣ್ಣ ಓಡಿಸುತ್ತಿದ್ದರೆ ಬಹಳ ಕಷ್ಟ. ಅವನು ಎರಡನೇ ಗೇರಿನಿಂದ ಮೂರನೆಯದಕ್ಕೆ ಹೋದದ್ದು ನಮ್ಮ ಕಿವಿಗೆ ತಡವಾಗಿ ತಿಳಿಯುತ್ತಿತ್ತು, ಕೆಲವೊಮ್ಮೆ ತಿಳಿಯುತ್ತಲೇ ಇರಲಿಲ್ಲ. ಸೋತವರು ಮನೆಗೆ ಬಂದ ಮೇಲೆ ಜೀಪು ತೊಳೆಯಬೇಕು. ಹೆಚ್ಚಾಗಿ ತೊಳೆಯುತ್ತಿದ್ದವರು ನಾನು ಮತ್ತು ಅಣ್ಣನ ಗೆಳೆಯ.

ಈ ಗೆಳೆಯನದು ಮುಂಡಗೋಡದಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ. ಶನಿವಾರ ಸಂಜೆ ಅಂಗಡಿ ಮುಚ್ಚಿ ಬಸ್ಸು ಹಿಡಿದು ಹಳಿಯಾಳಕ್ಕೆ ಬಂದುಬಿಡುತ್ತಿದ್ದ. ನಾನು ಹಳಿಯಾಳದಲ್ಲೇ ಶಾಲೆಯಲ್ಲಿ ಕಲಿಸುತ್ತೇನೆ. ನನಗೆ ಗಾಡಿ ಕಲಿಸಿದವನು ಅಣ್ಣ. ಪಾಳಾದಲ್ಲಿ ಸೋದರಮಾವನ ಗದ್ದೆಯ ಪಕ್ಕದ ಕಚ್ಚಾ ರಸ್ತೆಯಲ್ಲಿ ಬೇಸಿಗೆಯ ರಜೆ ಪೂರ್ತಿ ಕಲಿಸಿದ. ಅವನ ಪಾಠದಲ್ಲಿ ಮಾತು ಕಡಿಮೆ. ಇಳಿಜಾರಿನ ಬಗ್ಗೆ ಮಾತ್ರ ಪ್ರತಿದಿನ ಅದೇ ಮಾತು: “ಯಾವ ಗೇರಿನ್ಯಾಗ ಏರ್ತೀಯೋ ಅದ ಗೇರಿನ್ಯಾಗ ಇಳೀಬೇಕು. ಬ್ರೇಕ್ ಇರೂದು ನಿಲ್ಲಾಕ.” ಘಟ್ಟದಲ್ಲಿ ಕ್ಲಚ್ ಒತ್ತಿ ಗೇರು ಇಳಿಸಿದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕು ಬಿಸಿಯಾಗುವುದಿಲ್ಲ. ಘಟ್ಟದ ಡ್ರೈವರುಗಳಿಗೆಲ್ಲ ಗೊತ್ತಿರುವ ಸಂಗತಿ ಇದು. ಅಣ್ಣನಿಗೆ ಅದು ಗೊತ್ತಿರುವ ಸಂಗತಿಯಾಗಿ ಉಳಿದಿರಲಿಲ್ಲ. ಕೈಕಾಲಿನ ಸ್ವಭಾವವೇ ಆಗಿತ್ತು.

ಅವನ ಎಡ ಮೊಣಕಾಲು ಕೆಟ್ಟಿತು. ಹುಬ್ಬಳ್ಳಿಯ ಡಾಕ್ಟರು ಶಸ್ತ್ರಚಿಕಿತ್ಸೆ ಮಾಡಿ, ನಡೆಯಬಹುದು, ಮೆಟ್ಟಿಲು ಹತ್ತಬಹುದು, ಕ್ಲಚ್ ಮಾತ್ರ ಒತ್ತಬಾರದು ಎಂದರು. ಜೀಪಿನ ಕ್ಲಚ್ ಗಟ್ಟಿ. ಅಲ್ಲಿಂದ ಮುಂದಿನ ಭಾನುವಾರಗಳಲ್ಲಿ ನಾನೋ ಗೆಳೆಯನೋ ಓಡಿಸಿದೆವು. ಅಣ್ಣ ಹಿಂದೆ ಕಾಲು ಚಾಚಿ ಕುಳಿತ. ಕಣ್ಣು ಮುಚ್ಚಿ ಗೇರು ಹೇಳು ಎಂದರೆ ಕಿಟಕಿಯ ಹೊರಗೆ ನೋಡುತ್ತಿದ್ದ. ಸ್ವಲ್ಪ ದಿನಗಳಲ್ಲಿ ಬರುವುದನ್ನೇ ಬಿಟ್ಟ. ವೈನಿ, ಅಣ್ಣನ ಹೆಂಡತಿ, ಒಂದು ಸಲ ನನ್ನನ್ನು ಹಿತ್ತಲಿಗೆ ಕರೆದು, ಮನೆಯಲ್ಲಿ ಅವನು ಟಿವಿ ಹಚ್ಚಿ ಅದನ್ನೂ ನೋಡುವುದಿಲ್ಲ ಎಂದರು.

ಎಲೆಕ್ಟ್ರಿಕ್ ಕಾರಿನ ಮಾತು ಮೊದಲು ಎತ್ತಿದವರೂ ವೈನಿಯೇ. ಅದಕ್ಕೆ ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ ಎಂದು ತವರಿನಲ್ಲಿ ಯಾರೋ ಹೇಳಿದ್ದರಂತೆ. ಅಣ್ಣ ಮೊದಲು ಮುಖ ತಿರುಗಿಸಿದ. ಹುಬ್ಬಳ್ಳಿಗೆ ಹೋಗಿ ಒಮ್ಮೆ ಓಡಿಸಿ ನೋಡಿದ ಮೇಲೆ ಒಪ್ಪಿದ. ವೈನಿ ಒಂದು ಷರತ್ತು ಹಾಕಿದರು. ಅದನ್ನು ನನ್ನ ಮುಂದೆಯೇ ಹೇಳಿದರು: “ಒಂದ ಸಲ ಏನರ ಹೆಚ್ಚುಕಡಿಮಿ ಆತಂದ್ರ ಡ್ರೈವರ್ ಇಡೂದ. ಆಮ್ಯಾಲ ನೀವು ಹಿಂದ ಕೂಡ್ರೋರು. ಈಗ ಹೇಳೇನಿ ನೋಡ್ರಿ.” ಅಣ್ಣ ಆಗಲಿ ಎಂದ. ಅವರ ಮಾತು ಒಂದು ಸಲ ಆಡಿದರೆ ಆಡಿದಂತೆ ಎಂಬುದು ಅವನಿಗೆ ಗೊತ್ತು.

ಗಾಡಿ ಮನೆಗೆ ಬಂದ ದಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಗೆಳೆಯ ವಿಭೂತಿ ಹಿಡಿದು ಬಾನೆಟ್ ಎತ್ತಿ, ಒಳಗೆ ಪ್ಲಾಸ್ಟಿಕ್ ಮುಚ್ಚಳ ಬಿಟ್ಟು ಏನೂ ಕಾಣದೆ ನಿಂತ. “ಲೇ, ಯಾರಿಗೆ ಹಚ್ಚಲೋ ಇದನ್ನ? ಗಾಡಿ ಅಂತ ಹೇಳಿ ಮಿಕ್ಸರ್ ತಂದೀಯಲ್ಲ.” ವೈನಿ ಅವನ ಕೈಯಿಂದ ವಿಭೂತಿ ಇಸಿದುಕೊಂಡು ಚಾರ್ಜಿಂಗ್ ವೈರಿನ ಹಿಡಿಗೆ ಮೂರು ಗೆರೆ ಎಳೆದರು.

ಅಣ್ಣನನ್ನು ಗೆದ್ದದ್ದು ಒಂದೇ ಗುಣ. ಆ ಕಾರಿನಲ್ಲಿ ಬಲಗಾಲನ್ನು ಪೆಡಲಿನಿಂದ ಎತ್ತಿದರೆ ಸಾಕು, ಮೋಟಾರು ಉಲ್ಟಾ ಕೆಲಸ ಮಾಡಿ ಬ್ಯಾಟರಿ ತುಂಬುತ್ತದೆ, ಗಾಡಿ ತಾನೇ ನಿಧಾನವಾಗುತ್ತದೆ. ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂದು ನಾವೇ ಆರಿಸಿಕೊಳ್ಳಬಹುದು. ಅಣ್ಣ ಎಲ್ಲಕ್ಕಿಂತ ಬಿಗಿಯಾದದ್ದನ್ನು ಆರಿಸಿದ್ದ. ಕಾಲು ಎತ್ತಿದರೆ ಎರಡನೇ ಗೇರಿಗೆ ಹಾಕಿದ ಹಾಗೆಯೇ ಹಿಡಿಯುತ್ತದೆ, ಕ್ಲಚ್ ಇಲ್ಲದ ಎರಡನೇ ಗೇರು ಎಂದು ಎಲ್ಲರಿಗೂ ಹೇಳುತ್ತ ತಿರುಗಿದ. ಹಳಿಯಾಳದಿಂದ ದಾಂಡೇಲಿಗೆ ಕಾರಣವಿಲ್ಲದೆ ಹೋಗಿ ಬರತೊಡಗಿದ. ಮನೆಯಲ್ಲಿ ಟಿವಿ ಬಂದಾಯಿತು.

ಅಣಶಿ ಘಟ್ಟ ಇಳಿದು ಕದ್ರಾ ಅಣೆಕಟ್ಟು ನೋಡಿ ಬರೋಣ ಎಂದದ್ದು ಮಳೆಗಾಲ ಮುಗಿದ ಮೇಲೆ. ಮೂವರೇ ಹೋದೆವು. ಅಣಶಿಯ ಹತ್ತಿರ, ಘಟ್ಟ ಶುರುವಾಗುವುದಕ್ಕೆ ಸ್ವಲ್ಪ ಮೊದಲು, ಒಂದು ಹೋಂಸ್ಟೇಯಲ್ಲಿ ಉಳಿದೆವು. ಅಲ್ಲಿ ಚಾರ್ಜ್ ಮಾಡುವ ವ್ಯವಸ್ಥೆ ಇತ್ತು. ಮಾಲಕರು ಕೊಂಕಣಿ ಬೆರೆತ ಕನ್ನಡದಲ್ಲಿ, ಕದ್ರಾಕ್ಕೆ ಹೋಗಿ ಬರಲು ಈಗ ಇದ್ದ ಚಾರ್ಜೇ ಸಾಕಲ್ಲ ಎಂದು ಕೇಳಿದರು. ಅಣ್ಣ ಒಪ್ಪಲಿಲ್ಲ. ಘಟ್ಟಕ್ಕೆ ಹೊರಡುವ ಮೊದಲು ಟ್ಯಾಂಕ್ ತುಂಬಿಸಬೇಕು ಎಂಬುದು ಅವನು ಜೀಪಿನಲ್ಲಿ ಎಂದೂ ಮುರಿಯದ ನಿಯಮ. ನಮಗೆ ಮೂವರಿಗೂ ಅದು ಸರಿ ಎನಿಸಿತು. ಬೆಳಿಗ್ಗೆ ಬ್ಯಾಟರಿ ಪೂರ್ತಿ ತುಂಬಿತ್ತು. ಅಣ್ಣ ಅದನ್ನು ನನಗೆ ತೋರಿಸಿ, ನೋಡು, ಫುಲ್ ಟ್ಯಾಂಕ್ ಎಂದ.

ಮುಂದೆ ನಡೆದದ್ದನ್ನು ನೋಡಿದ ಕ್ರಮದಲ್ಲೇ ಬರೆಯುತ್ತೇನೆ. ನಾನು ಮುಂದಿನ ಎಡ ಸೀಟಿನಲ್ಲಿದ್ದೆ. ಗೆಳೆಯ ಹಿಂದೆ, ಅಣ್ಣನ ಬೆನ್ನ ಹಿಂದಿನ ಸೀಟಿನಲ್ಲಿದ್ದ. ಗಾಡಿ ಚಾಲೂ ಮಾಡಿದಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಅದು ಯಾವಾಗಲೂ ಏನಾದರೂ ಹೇಳುತ್ತಲೇ ಇರುತ್ತದೆ, ಬೆಲ್ಟು, ಬಾಗಿಲು, ಟಯರು. ಅಣ್ಣ ಓಕೆ ಒತ್ತಿದ, ಸಾಲು ಹೋಯಿತು.

ಮೊದಲನೆಯ ತಿರುವಿನಲ್ಲಿ ಅವನು ಕಾಲು ಎತ್ತಿದ. ಗಾಡಿ ನಿಧಾನವಾಗಲಿಲ್ಲ. ಬ್ರೇಕ್ ಮುಟ್ಟಿ ತಿರುವು ದಾಟಿಸಿದ. “ಯಾಕೋ ಇದು ಹಿಡೀವಲ್ತಲ್ಲ” ಎಂದ. ಗೆಳೆಯ ಹಿಂದಿನಿಂದ, ಮಿಕ್ಸರಿಗೆ ಘಟ್ಟ ಎಂದರೆ ಏನು ಗೊತ್ತು ಎಂದು ನಕ್ಕ. ಅಣ್ಣ ನಗಲಿಲ್ಲ. ಮುಂದಿನದು ಸ್ವಲ್ಪ ನೇರ ಇಳಿಜಾರು. ಅಲ್ಲಿ ಅವನು ಕಾಲು ಎತ್ತಿಯೇ ಇಟ್ಟು ಕಾದ. ಹಿಡಿಯುತ್ತದೆ ಎಂದು ಕಾಯುತ್ತಿದ್ದಾನೆ ಎಂದು ನನಗೆ ಕಂಡಿತು. ಗಾಡಿ ಸದ್ದಿಲ್ಲದೆ ವೇಗ ತೆಗೆದುಕೊಂಡಿತು. ಟಯರಿನ ಸದ್ದು ಮತ್ತು ಗಾಳಿ ಬಿಟ್ಟರೆ ಏನೂ ಇರಲಿಲ್ಲ.

ಎರಡನೆಯ ತಿರುವು ಎಡಕ್ಕೆ. ತಿರುವಿನಾಚೆ ಮಳೆಗೆ ಜಾರಿ ಬಂದ ಮಣ್ಣನ್ನು ಗಟಾರದಿಂದ ಎತ್ತುವ ಕೆಲಸ ನಡೆದಿತ್ತು. ಕೆಲಸದವರು ಊಟಕ್ಕೋ ನೀರಿಗೋ ನಿಂತಿದ್ದರು. ಒಬ್ಬ ಹೆಂಗಸು ಮಣ್ಣಿನ ಬುಟ್ಟಿಯನ್ನು ಬೋರಲು ಹಾಕಿ ಡಾಂಬರಿನ ಅಂಚಿನಲ್ಲಿ, ನಮಗೆ ಬೆನ್ನು ಮಾಡಿ ಕುಳಿತಿದ್ದಳು. ಕೈಯಲ್ಲಿ ನೀರಿನ ಬಾಟಲಿ. ಅವಳು ತಿರುಗಲಿಲ್ಲ. ಯಾರೂ ತಿರುಗಲಿಲ್ಲ.

ಆ ಕ್ಷಣದಲ್ಲಿ ಅಣ್ಣನ ಎಡಗೈ ಸ್ಟಿಯರಿಂಗ್ ಬಿಟ್ಟು ನಮ್ಮಿಬ್ಬರ ನಡುವಿನ ಗುಂಡನೆಯ ಗುಂಡಿಗೆ ಬಂತು. ಗೇರ್ ರಾಡ್ ಇರಬೇಕಾದ ಜಾಗದಲ್ಲಿ ಆ ಗುಂಡಿ ಇದೆ. ಅದೇ ಹೊತ್ತಿಗೆ ಅವನ ಎಡಗಾಲು ಎದ್ದು ಮುಂದಕ್ಕೆ ಹೋಗಿ, ಅಲ್ಲಿ ಸಿಕ್ಕ ಪೆಡಲನ್ನು ತಳಮುಟ್ಟ ಒತ್ತಿತು. ಬಲಗಾಲು ಎಲ್ಲಿತ್ತೋ ಅಲ್ಲೇ ಇತ್ತು, ಗಾಳಿಯಲ್ಲಿ. ಇದನ್ನು ನಾನು ಸ್ಪಷ್ಟವಾಗಿ ನೋಡಿದೆ. ಬೆಲ್ಟು ನನ್ನ ಎದೆಗೆ ಬಿಗಿಯಿತು, ಗೆಳೆಯನ ತಲೆ ಮುಂದಿನ ಸೀಟಿಗೆ ಬಡಿಯಿತು, ಗಾಡಿ ನಡುಗುತ್ತ ನಿಂತಿತು. ಒಳಗೆ ಏನೋ ಬೀಪ್ ಬೀಪ್ ಎನ್ನುತ್ತಿತ್ತು. ಹೆಂಗಸು ಎದ್ದು ನಿಂತಿದ್ದಳು. ಬಾನೆಟ್ಟಿಗೂ ಅವಳಿಗೂ ನಡುವೆ ಅವಳ ಬುಟ್ಟಿಯೊಂದೇ ಇತ್ತು, ಅದು ಅಲುಗಿರಲಿಲ್ಲ.

ಅಣ್ಣ ಗಾಡಿಯನ್ನು ಬದಿಗೆ ಹಚ್ಚಿ ಇಳಿದ. ನಾನೂ ಇಳಿದೆ. ಹೆಂಗಸು ಸಿದ್ದಿ ಸಮುದಾಯದವಳು, ಹಳಿಯಾಳದ ಕಡೆಯವಳು ಎಂದು ಆಮೇಲೆ ಅವಳ ಮಾತಿನಿಂದ ಊಹಿಸಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಗಾಡಿಯ ಸುತ್ತ ಒಂದು ಸುತ್ತು ನೋಡಿ ಅಣ್ಣನಿಗೆ ಹೇಳಿದಳು: “ಆವಾಜ ಇಲ್ಲಲ್ರೀ ಇದಕ್ಕ. ಗಾಡಿ ಗೇರ್ ಹಾಕಿದ್ದ ಕೇಳಿ ನಾವು ಸರ್ಕೋತೀವಿ. ಹಾರ್ನ್ ಆದ್ರೂ ಹೊಡದ ಬರ್ರಿ, ಅಣ್ಣಾರ.” ಅಣ್ಣ ತಪ್ಪಾಯಿತು ಎಂದು ಎರಡು ಸಲ ಹೇಳಿದ. ಅವಳು ನೀರು ಕುಡಿದು, ಬಾಟಲಿಯನ್ನು ಅವನಿಗೂ ಕೊಟ್ಟಳು. ಅವನು ಕುಡಿದ.

ಗಾಡಿ ಯಾಕೆ ಹಿಡಿಯಲಿಲ್ಲ ಎಂಬುದು ಬ್ರೇಕಿನ ಮೇಲೆಯೇ ನಿಧಾನವಾಗಿ ಕೆಳಗಿಳಿದು ಫೋನು ಹತ್ತಿದ ಮೇಲೆ ತಿಳಿಯಿತು. ಗಾಡಿ ಕೊಟ್ಟವರ ಕಡೆಯ ಹುಬ್ಬಳ್ಳಿಯ ಮೆಕ್ಯಾನಿಕ್ ಹೇಳಿದ. ಬ್ಯಾಟರಿ ಪೂರ್ತಿ ತುಂಬಿದ್ದರೆ ಮೋಟಾರು ಮಾಡಿದ ಕರೆಂಟಿಗೆ ಹೋಗಲು ಜಾಗ ಇರುವುದಿಲ್ಲ, ಆದ್ದರಿಂದ ಅದು ಹಿಡಿಯುವುದನ್ನೇ ಬಿಡುತ್ತದೆ. ಪರದೆಯ ಮೇಲಿನ ಸಾಲು ಅದನ್ನೇ ಹೇಳಿತ್ತಂತೆ. ಘಟ್ಟದ ತಲೆಯಿಂದ ಇಳಿಯುವವರು ಒಂದಿಷ್ಟು ಖಾಲಿ ಬಿಟ್ಟುಕೊಂಡೇ ಹೊರಡಬೇಕು. “ತುಂಬಿದ ಕೊಡಕ್ಕ ಇನ್ನ ಎಲ್ಲಿ ಹೊಯ್ಯೂದು” ಎಂದು ಅಣ್ಣ ತನಗೆ ತಾನೇ ಹೇಳಿಕೊಂಡ. ಅವನ ಮುಖದಲ್ಲಿ ಸ್ವಲ್ಪ ನಿರಾಳ ಕಂಡಿತು. ಆಮೇಲೆ ಮೊಣಕಾಲು ತಿಕ್ಕಿಕೊಂಡ, ನಿರಾಳ ಹೋಯಿತು.

ಕದ್ರಾದಲ್ಲಿ ನೀರನ್ನು ನೋಡುತ್ತ ನಿಂತೆವು. ಗೆಳೆಯ ಅಣ್ಣನ ಬ್ರೇಕನ್ನು ಹೊಗಳುತ್ತಲೇ ಇದ್ದ. ಬೇರೆಯವನಾಗಿದ್ದರೆ ಆ ಹೆಂಗಸು ಉಳಿಯುತ್ತಿರಲಿಲ್ಲ ಎಂದ. ಗಾಡಿಯಲ್ಲಿ ಅವನು ಕುಳಿತಲ್ಲಿಂದ ಅಣ್ಣನ ಕಾಲುಗಳು ಕಾಣುತ್ತಿರಲಿಲ್ಲ. ಹೊರಡುವಾಗ ಅಣ್ಣ ಕೀಲಿಯನ್ನು ನನ್ನ ಕೈಗೆ ಕೊಟ್ಟು ಎಡಗಡೆಗೆ ಹೋಗಿ ಕುಳಿತ. ಘಟ್ಟ ಹತ್ತಿ, ಜೋಯಿಡಾ ದಾಟಿ, ಹಳಿಯಾಳದವರೆಗೆ ನಾನೇ ಓಡಿಸಿದೆ.

ಮನೆಯ ಮುಂದೆ ವೈನಿ ನಿಂತಿದ್ದರು. ನಾನು ಬಲಗಡೆಯಿಂದ ಇಳಿದದ್ದನ್ನು ನೋಡಿದರು, ಅಣ್ಣ ಎಡಗಡೆಯಿಂದ ಬಾಗಿಲು ಹಿಡಿದು ಇಳಿದದ್ದನ್ನೂ ನೋಡಿದರು. ಗೆಳೆಯ ಚಪ್ಪಲಿ ಬಿಡುವ ಮೊದಲೇ ಕಥೆ ಶುರುಮಾಡಿದ. ನಿಮ್ಮ ಯಜಮಾನರು ಇವತ್ತು ಒಂದು ಜೀವ ಉಳಿಸಿದರು ಎಂದ. ವೈನಿ ಕೊನೆಯವರೆಗೆ ಕೇಳಿದರು. ಕೇಳುತ್ತಿರುವಾಗ ಅವರ ಕಣ್ಣು ಅಣ್ಣನ ನಡಿಗೆಯ ಮೇಲಿತ್ತು. ಅವನು ಎಡಗಾಲನ್ನು ಎಳೆದು ಹಾಕುತ್ತ ಪಡಸಾಲೆಯ ಕುರ್ಚಿಗೆ ಹೋಗುತ್ತಿದ್ದ.

“ಬ್ರೇಕ್ ಹಾಕಿದ್ರ ಬಲಗಾಲ ನೋಯಬೇಕಲ್ರಿ” ಎಂದರು ವೈನಿ. “ಆ ಗಾಡ್ಯಾಗ ಎಡಗಾಲಿಗೆ ಏನ ಕೆಲಸ?”

ಗೆಳೆಯ ನಡುವೆ ಬಾಯಿ ಹಾಕಲು ಹೋದ. ಅಣ್ಣ ಕೈ ಎತ್ತಿ ಅವನನ್ನು ತಡೆದ.

“ನಾ ಬ್ರೇಕ್ ಹಾಕ್ಲಿಲ್ಲ” ಎಂದ. “ಸೆಕೆಂಡಿಗೆ ಹಾಕಾಕ ಹೋಗಿದ್ದೆ. ಕ್ಲಚ್ ಅಂತ ತುಳದೆ. ಅಲ್ಲಿ ಬ್ರೇಕ್ ಇತ್ತು, ಗಾಡಿ ನಿಂತು.” ಆಮೇಲೆ ನನ್ನ ಕಡೆ ನೋಡಿದ. “ನೀ ನೋಡೀಯಲ್ಲ?”

ನೋಡಿದೆ ಎಂದೆ.

ಆ ಪೆಡಲು ಇನ್ನೊಂದು ಬೆರಳಿನಷ್ಟು ಬಲಕ್ಕಿದ್ದರೆ ಅವನ ಎಡಗಾಲು ಖಾಲಿ ನೆಲವನ್ನು ತುಳಿಯುತ್ತಿತ್ತು. ಅದನ್ನು ಯಾರೂ ಆಡಲಿಲ್ಲ, ಎಲ್ಲರೂ ಯೋಚಿಸಿದರು ಎಂದು ನನಗೆ ಅನಿಸಿತು. ಗೆಳೆಯ ಕುಳಿತುಬಿಟ್ಟ. ವೈನಿ ಒಳಗೆ ಹೋಗಿ ಬಿಸಿನೀರು, ಬಟ್ಟೆ ತಂದು ಅವನ ಮೊಣಕಾಲಿಗೆ ಶಾಖ ಕೊಡಲು ಕುಳಿತರು. ಬಟ್ಟೆ ಹಿಂಡುತ್ತಲೇ, ತವರಿನಲ್ಲಿ ಒಬ್ಬ ಒಳ್ಳೆಯ ಡ್ರೈವರ್ ಇದ್ದಾನೆ, ನಾಳೆ ಫೋನ್ ಮಾಡುತ್ತೇನೆ ಎಂದರು. ಸಿಟ್ಟು ಇರಲಿಲ್ಲ. ಮೊದಲೇ ಆದ ಕರಾರು ಅದು.

“ಡ್ರೈವರ್ ಬ್ಯಾಡ” ಎಂದ ಅಣ್ಣ. “ತಂಗಿ ಓಡಸ್ಲಿ. ನಾ ಬಾಜೂಕ ಕೂಡ್ತೇನಿ, ಹಿಂದಲ್ಲ. ಈ ಕಾಲು ಕ್ಲಚ್ ಮರೆಯೂತನಕ.”

“ಮರೀಲಿಲ್ಲಂದ್ರ?”

ಅಣ್ಣ ಬಿಸಿ ಬಟ್ಟೆಯನ್ನು ಮೊಣಕಾಲಿಗೆ ತಾನೇ ಒತ್ತಿ ಹಿಡಿದ. ವೈನಿ ಡ್ರೈವರಿಗೆ ಫೋನ್ ಮಾಡಲಿಲ್ಲ ಎಂಬುದಷ್ಟೇ ನನಗೆ ಗೊತ್ತು.

ಈಗ ಭಾನುವಾರಗಳಲ್ಲಿ ನಾನು ಓಡಿಸುತ್ತೇನೆ. ಗೆಳೆಯ ಹಿಂದೆ ಕುಳಿತು ತನ್ನ ಅಂಗಡಿಯ ಡೀಸೆಲ್ ಗಾಡಿಯ ಗುಣಗಾನ ಮಾಡುತ್ತಾನೆ, ಆದರೆ ಅಂಗಡಿಗೆ ಮುಂದಿನ ಗಾಡಿ ತರುವಾಗ ಯಾವುದು ತರಲಿ ಎಂದು ಅಣ್ಣನನ್ನೇ ಕೇಳುತ್ತಾನೆ. ನಾವು ಬ್ಯಾಟರಿ ಪೂರ್ತಿ ತುಂಬಿಸುವುದಿಲ್ಲ. ತಿರುವಿಗೆ ಮೊದಲು ಹಾರ್ನ್ ಹೊಡೆಯುತ್ತೇನೆ. ಕಾಲು ಎತ್ತಿದರೆ ಗಾಡಿ ಹಿಡಿಯುತ್ತದೆ. ಎಂಜಿನ್ನಿನ ಸದ್ದಿಲ್ಲದ್ದರಿಂದ ಒಳಗಿನ ಸಣ್ಣ ಸದ್ದೂ ಕೇಳುತ್ತದೆ. ಘಟ್ಟ ಇಳಿಯುವಾಗ ನನ್ನ ಎಡಗಡೆಯಿಂದ, ಮ್ಯಾಟಿನ ಮೇಲೆ ಅಣ್ಣನ ಕಾಲು ಬೀಳುವ ಸದ್ದು ಕೇಳುತ್ತದೆ. ಅವನಿಗೆ ತಾನು ತುಳಿದದ್ದು ತಿಳಿಯುವುದಿಲ್ಲ. ಅದಕ್ಕೇ ಪ್ರತಿಸಲ ಕೆಳಗೆ ಮುಟ್ಟಿದ ಮೇಲೆ ಎಷ್ಟು ಕಡೆ ತುಳಿದೆ ಎಂದು ನನ್ನನ್ನು ಕೇಳುತ್ತಾನೆ. ನಾನು ಕೇಳಿಸಿಕೊಂಡದ್ದನ್ನು ಕೇಳಿಸಿಕೊಂಡಷ್ಟೇ ಹೇಳುತ್ತೇನೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಹೋದ ಭಾನುವಾರವೂ ಕೇಳಿದ. ಒಂದೇ ಕಡೆ ನೀನು ತುಳಿದೆ ಎಂದೆ. ಎಲ್ಲಿ ಎಂದ. ಹಳೆಯ ಕಲ್ಲಿನ ಮೋರಿ ದಾಟಿದ ಮೇಲಿನ ಬಲ ತಿರುವು ಎಂದೆ.

ಅಣ್ಣ ಕಣ್ಣು ಮುಚ್ಚಿ ಆ ತಿರುವನ್ನು ನೆನಪಿಸಿಕೊಂಡ. “ಹೌದು” ಎಂದ. “ಅಲ್ಲಿ ಸೆಕೆಂಡ್ ಬೇಕು.” ಮತ್ತೆ ಏರುವ ಹೊತ್ತಿಗೆ ಕೀಲಿ ಕೇಳಲಿಲ್ಲ, ಎಡಗಡೆಯ ಬಾಗಿಲು ತೆಗೆದು ಕುಳಿತ.