ಮಂಜಿನೊಳಗಿನ ಕೂ

ಮಾಗಿಯ ಚಳಿಯಲ್ಲಿ ತೋಟದ ಮಧ್ಯೆ ಕೂತು ಚಿತ್ರ ಬರೆಯುವ ನನಗೆ ತಲೆ ಸರಿಯಿಲ್ಲ ಎಂಬುದು ಮನೆಯಲ್ಲಿ ಎಲ್ಲರೂ ಒಪ್ಪಿರುವ ಮಾತು. ನಾನೂ ಹೆಚ್ಚು ವಾದಿಸುವುದಿಲ್ಲ. ಬಣಕಲ್ ಹತ್ತಿರದ ನಮ್ಮ ಸಣ್ಣ ಕಾಫಿ ತೋಟದಲ್ಲಿ ಬೆಳಗಿನ ಮಂಜಿಗೆ ಬಣ್ಣ ಒಣಗುವುದೇ ಇಲ್ಲ, ಕಾಗದ ಹಪ್ಪಳದಂತೆ ಸೊಟ್ಟಗಾಗುತ್ತದೆ. ಅದಕ್ಕೇ ಪೆನ್ಸಿಲ್ ಹಿಡಿದೆ. ಮದುವೆಯಾಗಿ ಬಂದಾಗಿನಿಂದ ಇಲ್ಲೇ ಓಡಾಡಿದರೂ, ಸಿಲ್ವರ್ ಓಕ್ ಮರಗಳು ನೆಟ್ಟಗಿಲ್ಲ, ಬೆಳಕಿನ ಕಡೆಗೆ ತುಸು ವಾಲಿವೆ ಎಂದು ತಿಳಿದದ್ದು ಬರೆಯಲು ಕೂತ ಮೇಲೆಯೇ.

ನಾನು ಕೂರುವ ಜಾಗದಲ್ಲಿ ಫೋನು ಸಿಗುವುದಿಲ್ಲ. ಕೆಳಗೆ ಕಣದಲ್ಲಿ ಕಾಫಿ ಹರವುವ ನನ್ನ ಗಂಡ ಆಗಾಗ ‘ಕೂ’ ಎನ್ನುತ್ತಾರೆ. ನಾನೂ ‘ಕೂ’ ಎಂದರೆ ಎಲ್ಲ ಸರಿಯಿದೆ ಎಂದರ್ಥ. ಉತ್ತರ ಬರದಿದ್ದರೆ ಅವರು ಹತ್ತಿ ಬರುತ್ತಾರೆ. ಮಂಜಿನಲ್ಲಿ ಒಬ್ಬರಿಗೊಬ್ಬರು ಕಾಣದ ನಮ್ಮ ಕಡೆ ಇದು ಹಿಂದಿನಿಂದ ಬಂದ ರೂಢಿ.

ಅಂದು ಅದೇ ಇಳಿಜಾರನ್ನು ಮತ್ತೆ ಬರೆಯುತ್ತಿದ್ದೆ. ಎರಡು ಮರಗಳ ನಡುವೆ ಬರೀ ಮಂಜು ಇರುವ ಜಾಗವೊಂದಿತ್ತು, ಅಲ್ಲಿ ಕಾಗದವನ್ನು ಬಿಳಿಯಾಗಿಯೇ ಬಿಡುತ್ತಿದ್ದೆ. ಅಂದು ಅಲ್ಲಿ ಕಪ್ಪು ಕಂಡಿತು. ಕಂಡದ್ದನ್ನು ಬರೆಯುವುದಲ್ಲವೇ ಎಂದು ಪೆನ್ಸಿಲ್ ಉಜ್ಜತೊಡಗಿದೆ. ಅರ್ಧ ತುಂಬಿಸುವಷ್ಟರಲ್ಲಿ ಆ ಕಪ್ಪು ಕಿವಿ ಬೀಸಿತು.

ಒಂಟಿ ಆನೆ. ನಮ್ಮ ಅಂಗಳದಷ್ಟು ದೂರವೂ ಇರಲಿಲ್ಲ. ಕಣಕ್ಕೆ ಇಳಿಯುವ ಕಾಲುದಾರಿಯ ಮೇಲೆಯೇ ನಿಂತು ಬಗನಿ ಮರದ ಗರಿ ಎಳೆದು ತಿನ್ನುತ್ತಿತ್ತು. ನನ್ನ ಬೆನ್ನ ಹಿಂದೆ ಹತ್ತಲಾಗದ ಎತ್ತರದ ದರೆ, ಕಡಿದಾದ ಮಣ್ಣಿನ ಗೋಡೆ. ಗಾಳಿಯಿರಲಿಲ್ಲ, ಅದಕ್ಕೆ ನನ್ನ ವಾಸನೆ ಸಿಕ್ಕಿರಲಿಲ್ಲ. ಸುಮ್ಮನಿದ್ದರೆ ತಿಂದು ಹೋಗುತ್ತದೆ ಎಂದು ಉಸಿರು ಬಿಗಿಹಿಡಿದು ಕೂತೆ.

ಆಗ ಕೆಳಗಿನಿಂದ ‘ಕೂ’ ಕೇಳಿತು. ನಾನು ಬಾಯಿ ಬಿಡಲಿಲ್ಲ. ಆನೆ ಅತ್ತ ತಲೆ ತಿರುಗಿಸಿತು. ಇನ್ನೊಮ್ಮೆ ‘ಕೂ’, ಈ ಸಲ ಜೋರಾಗಿ. ಕಾಫಿ ಹರವುವ ಹಲಗೆಯ ಸದ್ದು ನಿಂತಿತು. ಹೊರಟರು ಎಂದು ನನಗೆ ಗೊತ್ತಾಯಿತು. ಈ ಮಂಜಿನಲ್ಲಿ ಅವರು ಆನೆಯನ್ನು ಕಾಣುವುದು ಅದರ ಕಾಲ ಬಳಿ ಬಂದ ಮೇಲೆಯೇ. ‘ಬರಬೇಡಿ, ಆನೆ’ ಎಂದು ಕಿರುಚಿದರೆ ಈ ಮನುಷ್ಯ ಇನ್ನೂ ಓಡಿ ಬರುತ್ತಾರೆ, ಅವರ ಸ್ವಭಾವ ನನಗೆ ಗೊತ್ತಿಲ್ಲವೇ.

ದಿನವೂ ಅನ್ನುವ ಹಾಗೆಯೇ, ಎಷ್ಟು ಸಾಧ್ಯವೋ ಅಷ್ಟು ಸಲೀಸಾಗಿ, ‘ಕೂ’ ಎಂದೆ.

ಆನೆ ಮೆಲ್ಲುವುದನ್ನು ನಿಲ್ಲಿಸಿತು. ಪೂರ್ತಿ ನನ್ನ ಕಡೆಗೆ ತಿರುಗಿ, ಕಿವಿ ಅಗಲಿಸಿ, ಸೊಂಡಿಲು ಮೇಲೆತ್ತಿ ಮೂಸಿತು. ಎಡಗಿವಿಯ ಅಂಚು ಹರಿದಿರುವುದು ಅಂಥ ಹೊತ್ತಿನಲ್ಲೂ ನನ್ನ ಕಣ್ಣಿಗೆ ಬಿತ್ತು, ಹಾಳು ಅಭ್ಯಾಸ. ಒಂದು ಹೆಜ್ಜೆ ಮುಂದಿಟ್ಟಿತು, ಕಾಫಿ ಗಿಡವೊಂದು ಲಟಕ್ಕೆಂದಿತು. ಕೆಳಗೆ ಹಲಗೆಯ ಗರಗರ ಸದ್ದು ಮತ್ತೆ ಶುರುವಾಯಿತು. ಇಷ್ಟು ಬೇಗ ನಂಬಿಬಿಟ್ಟರಲ್ಲ ಎಂದು ಸಮಾಧಾನವೂ ಸಿಟ್ಟೂ ಒಟ್ಟಿಗೇ ಬಂದವು. ಅಷ್ಟು ಒಂಟಿ ಎಂದೂ ಅನಿಸಿರಲಿಲ್ಲ.

ಎಷ್ಟು ಹೊತ್ತು ನೋಡಿತೋ. ಆಮೇಲೆ ಗರಿಯನ್ನು ಎಳೆದುಕೊಂಡು ಹಳ್ಳದ ಕಡೆಗೆ ಇಳಿದುಹೋಯಿತು. ಸದ್ದು ಪೂರ್ತಿ ಅಡಗಿದ ಮೇಲೆ ನಾನು ಕುಂಡೆಯೂರಿ ಜಾರುತ್ತಲೇ ಕೆಳಗಿಳಿದೆ.

“ಎಂಥ ಮಾರಾಯ್ತಿ, ಕೂ ಅನ್ನೋಕೂ ಸೋಮಾರಿತನವಾ? ಮೇಲೆ ಹೊರಟೇ ಬಿಟ್ಟಿದ್ದೆ,” ಎಂದರು ಅವರು, ತಲೆಯೆತ್ತದೆ.

“ದಾರೀಲಿ ಆನೆ ನಿಂತಿತ್ತು.”

ಹಲಗೆ ನಿಂತಿತು. “ಆನೆ ಎದುರಿಗೆ ಯಾರಾದ್ರೂ ಕೂ ಅಂತಾರಾ?”

“ಅನ್ನದಿದ್ರೆ ನೀವು ಬರ್ತಿದ್ರಲ್ಲ.”

ಅವರು ಹರವಿದ್ದ ಕಾಫಿಯ ಮೇಲೆಯೇ ಕುಸಿದು ಕುಳಿತರು.